ಫರ್ನೇಸ್ ಮಾರಲು ಬಾಗಿಲಿಗೆ ಬಂದರೆ: ಒಂಟಾರಿಯೊ ಕನ್ನಡಿಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಜನವರಿಯ ಒಂದು ಮಧ್ಯಾಹ್ನ. ನಾನು ಮೇಲಿನ ಕೋಣೆಯಲ್ಲಿ ಆಫೀಸ್ ಮೀಟಿಂಗ್‌ನಲ್ಲಿದ್ದೆ. ಹಾಸನದಿಂದ ಬಂದಿದ್ದ ಅಪ್ಪ, ಅಮ್ಮ ಕೆಳಗಿದ್ದರು. ಬೆಲ್ ಆಯಿತು. ಹೊರಗೆ ಮೈನಸ್ ಹದಿನೆಂಟು. ಹಳದಿ ಜಾಕೆಟ್ ಹಾಕಿಕೊಂಡ, ಕೊರಳಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡ ಒಬ್ಬ ಹುಡುಗ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದ. ಅಂಥ ಚಳಿಯಲ್ಲಿ ಬಂದವನನ್ನು ಹೊಸಿಲಾಚೆ ನಿಲ್ಲಿಸಿ ಮಾತಾಡಿಸುವುದು ಅಪ್ಪನಿಗೆ ಗೊತ್ತೇ ಇಲ್ಲ. ಒಳಗೆ ಕರೆದರು. ಅಮ್ಮ ಕಾಫಿಗೆ ಇಟ್ಟರು.

ನಾನು ಹೆಡ್‌ಸೆಟ್ ಕೊರಳಿಗೆ ಇಳಿಸಿಕೊಂಡು ಕೆಳಗೆ ಬರುವ ಹೊತ್ತಿಗೆ ಆತ ಬೇಸ್ಮೆಂಟ್‌ನಲ್ಲಿ ಮನೆ ಬಿಸಿ ಮಾಡುವ ಫರ್ನೇಸ್ ಮುಂದೆ ಕುಕ್ಕರಗಾಲಲ್ಲಿ ಕೂತು, ಟಾರ್ಚ್ ಬಿಟ್ಟು ನೋಡುತ್ತಾ ತಲೆ ಆಡಿಸುತ್ತಿದ್ದ. ಹತ್ತು ನಿಮಿಷದಲ್ಲಿ ನಾನು ಟ್ಯಾಬ್ಲೆಟ್ ಮೇಲೆ ಬೆರಳಿನಿಂದ ಸಹಿ ಹಾಕಿಯಾಗಿತ್ತು. ಹೊಸ ಫರ್ನೇಸಿಗೆ ಹತ್ತು ವರ್ಷದ ಬಾಡಿಗೆ ಕಾಂಟ್ರಾಕ್ಟ್. ಯಾಕೆ ಹಾಕಿದೆ ಅಂತ ಹೆಂಡತಿ ಕೇಳಿದಳು. ಮೀಟಿಂಗ್‌ಗೆ ವಾಪಸ್ ಹೋಗಬೇಕಿತ್ತು, ಅಷ್ಟೇ. ಬೇರೆ ಕಾರಣ ನನ್ನ ಹತ್ತಿರ ಇರಲಿಲ್ಲ.

ಆರನೇ ದಿನ ಅದನ್ನು ರದ್ದು ಮಾಡಿದೆ. ಆ ಆರು ದಿನ ಕಾಗದಪತ್ರ ಓದುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಒಂಟಾರಿಯೊದಲ್ಲಿ ಮನೆ ಕೊಂಡಿರುವ ಕನ್ನಡಿಗರನ್ನು, ಅದರಲ್ಲೂ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಈ ವ್ಯಾಪಾರದಲ್ಲಿ ಮಾರುವವನ ಬಂಡವಾಳ ಅವಸರ ಒಂದೇ. ಕಾನೂನು ನಿಮಗೆ ಕೊಟ್ಟಿರುವುದು ಸಮಯ. ಆ ಸಮಯವನ್ನು ಬಳಸಿಕೊಳ್ಳುವುದು ಹೇಗೆ ಅಂತ ನೋಡೋಣ.

ಯಾರೂ ಬರುವ ಮೊದಲೇ: ಬೇಸ್ಮೆಂಟ್‌ಗೆ ಒಂದು ಸಲ ಇಳಿಯಿರಿ

ನಾವು ಬಚ್ಚಲು ಮನೆಯ ಹಂಡೆ, ಆಮೇಲೆ ಗೀಸರ್ ನೋಡಿ ಬೆಳೆದವರು. ಹಂಡೆ ಒಲೆಗೆ ಏನು ತೊಂದರೆಯಾಗಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಇಲ್ಲಿ ಮನೆ ಬಿಸಿ ಮಾಡುವ ಯಂತ್ರ ಬೇಸ್ಮೆಂಟ್‌ನ ಮೂಲೆಯಲ್ಲಿ, ತಗಡಿನ ಪೆಟ್ಟಿಗೆಯೊಳಗೆ ಇರುತ್ತದೆ. ಅದು ಗುಂಯ್ ಅನ್ನುತ್ತಿದ್ದರೆ ನಮಗೆ ನೆಮ್ಮದಿ. ಹೀಗಾಗಿ ಯಾರೋ ಬಂದು ಇದು ಹೋಯಿತು ಅಂದರೆ ನಂಬಿಬಿಡುತ್ತೇವೆ.

ಯಂತ್ರ ಕೆಲಸ ಮಾಡುವ ರೀತಿ ಸರಳ. ಬರ್ನರ್‌ನಲ್ಲಿ ಗ್ಯಾಸ್ ಉರಿಯುತ್ತದೆ. ಆ ಬಿಸಿ ಹೀಟ್ ಎಕ್ಸ್‌ಚೇಂಜರ್ ಎನ್ನುವ ಲೋಹದ ಗೂಡಿನೊಳಗೆ ಹಾದು ಹೊಗೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಮನೆಯ ಗಾಳಿ ಆ ಗೂಡಿನ ಹೊರಮೈ ಸವರಿಕೊಂಡು ಬಿಸಿಯಾಗುತ್ತದೆ. ದೊಡ್ಡ ಫ್ಯಾನ್ ಅದನ್ನು ಡಕ್ಟ್‌ಗಳಿಗೆ ತಳ್ಳುತ್ತದೆ. ಉರಿಯುವ ಗಾಳಿ, ನಾವು ಉಸಿರಾಡುವ ಗಾಳಿ ಎರಡೂ ಬೇರೆ ಬೇರೆ ಇರಬೇಕು. ನಡುವೆ ಇರುವ ಲೋಹ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರಬಹುದು. ಇದು ನಿಜವಾದ ಅಪಾಯವೇ. ಮಾರುವವರು ಇದನ್ನೇ ಎತ್ತಿಕೊಳ್ಳುವುದು ಅದಕ್ಕೇ.

ಈಗ ಮಾಡಬೇಕಾದ ಕೆಲಸ. ಫರ್ನೇಸ್ ಮತ್ತು ವಾಟರ್ ಹೀಟರ್ ಮೇಲಿರುವ ಲೇಬಲ್‌ಗಳ ಫೋಟೋ ತೆಗೆದುಕೊಳ್ಳಿ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ಎಷ್ಟೋ ಸಲ ತಯಾರಾದ ವರ್ಷವೂ ಅದರಲ್ಲಿರುತ್ತದೆ. ಯಾವುದು ನಿಮ್ಮ ಸ್ವಂತದ್ದು, ಯಾವುದು ಬಾಡಿಗೆಯದು ಅಂತ ಬರೆದಿಡಿ. ಒಂಟಾರಿಯೊದಲ್ಲಿ ವಾಟರ್ ಹೀಟರ್ ಬಾಡಿಗೆಗೆ ಇರುವುದು ತೀರಾ ಸಾಮಾನ್ಯ. ಮನೆ ಕೊಂಡಾಗಿನ ಕಾಗದದಲ್ಲಿ ಅದರ ವಿವರ ಇರುತ್ತದೆ, ತಿಂಗಳ ಬಿಲ್ಲೂ ಬರುತ್ತದೆ. ಚೆನ್ನಾಗಿ ನೋಡಿಕೊಂಡ ಗ್ಯಾಸ್ ಫರ್ನೇಸ್ ಸಾಮಾನ್ಯವಾಗಿ 15ರಿಂದ 20 ವರ್ಷ ಬಾಳುತ್ತದೆ. ನಿಮ್ಮದು ಒಂಬತ್ತು ವರ್ಷದ್ದು ಅಂತ ನಿಮಗೇ ಗೊತ್ತಿದ್ದರೆ, ಇದರ ಆಯಸ್ಸು ಮುಗಿಯಿತು ಅನ್ನುವವನ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಫಿಲ್ಟರ್ ಬದಲಿಸಿ. ಗಾಳಿ ಸರಿಯಾಗಿ ಬರುತ್ತಿಲ್ಲ ಅನ್ನುವ ಅರ್ಧದಷ್ಟು ದೂರಿಗೆ ಧೂಳು ಹಿಡಿದ ಫಿಲ್ಟರ್ ಕಾರಣ ಅಂತ ನನ್ನ ಅನುಭವ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಕೋಣೆಗಳ ಹತ್ತಿರ ಇದೆಯಾ ನೋಡಿ, ಬಟನ್ ಒತ್ತಿ ಪರೀಕ್ಷಿಸಿ. ಗ್ಯಾಸ್ ಉಪಕರಣ ಇರುವ ಮನೆಯಲ್ಲಿ ಅದು ಕಡ್ಡಾಯ. ಒಂದು ಕುಟುಂಬದ ನಾಲ್ವರು ಈ ಅನಿಲದಿಂದ ಸತ್ತ ಮೇಲೆ ಅವರದೇ ಹೆಸರಿನಲ್ಲಿ 2013ರಲ್ಲಿ ಒಂಟಾರಿಯೊ ಶಾಸನಸಭೆ ಹಾಕಿನ್ಸ್-ಗಿನ್ಯಾಕ್ ಕಾಯ್ದೆ ಮಾಡಿತು. ಅಲಾರಂ ಸುಮ್ಮನಿದೆ, ಬಂದವನು ಮಾತ್ರ ವಿಷದ ಗಾಳಿ ಸೋರುತ್ತಿದೆ ಅನ್ನುತ್ತಿದ್ದಾನೆ ಅಂದರೆ, ಮೊದಲು ಅಲಾರಂ ಮಾತು ಕೇಳಿ. ಅಲಾರಂ ಕೂಗಿದರೆ, ಅಥವಾ ಗ್ಯಾಸ್ ಸೋರಿಕೆಯ ಗುರುತಾದ ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ, ಎಲ್ಲರೂ ಮನೆಯಿಂದ ಹೊರಗೆ ಬಂದು 911ಕ್ಕೆ ಫೋನ್ ಮಾಡಿ. ಎನ್‌ಬ್ರಿಡ್ಜ್ ಗ್ಯಾಸ್‌ನ ತುರ್ತು ನಂಬರ್ 1-866-763-5427. ಬಾಗಿಲಿಗೆ ಬಂದ ಮಾರಾಟಗಾರನಿಗೆ ಈ ಎರಡೂ ಸಂದರ್ಭದಲ್ಲಿ ಯಾವ ಕೆಲಸವೂ ಇಲ್ಲ.

ಕಾನೂನು ಏನು ಹೇಳುತ್ತದೆ

ಇದನ್ನು ಮೊದಲೇ ತಿಳಿದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

2018ರ ಮಾರ್ಚ್ 1ರಿಂದ ಒಂಟಾರಿಯೊದಲ್ಲಿ ಕೆಲವು ವಸ್ತುಗಳಿಗೆ ಮನೆ ಬಾಗಿಲಲ್ಲಿ ಕರೆಯದೇ ಬಂದು ಕಾಂಟ್ರಾಕ್ಟ್ ಮಾಡಿಸುವುದೇ ನಿಷೇಧ. ಫರ್ನೇಸ್, ಏರ್ ಕಂಡೀಷನರ್, ವಾಟರ್ ಹೀಟರ್, ಏರ್ ಕ್ಲೀನರ್, ಏರ್ ಪ್ಯೂರಿಫೈಯರ್, ವಾಟರ್ ಫಿಲ್ಟರ್, ವಾಟರ್ ಸಾಫ್ಟ್‌ನರ್, ಡಕ್ಟ್ ಕ್ಲೀನಿಂಗ್ ಎಲ್ಲ ಆ ಪಟ್ಟಿಯಲ್ಲಿವೆ. ಬಾಗಿಲಿಗೆ ಪ್ಯಾಂಪ್ಲೆಟ್ ಸಿಕ್ಕಿಸಿ ಹೋಗಬಹುದು. ಮನೆಯಲ್ಲಿ ಸಹಿ ಮಾಡಿಸಬೇಕು ಅಂದರೆ ಆ ಕಾಂಟ್ರಾಕ್ಟ್‌ಗಾಗಿಯೇ ನೀವು ಮೊದಲು ಅವರನ್ನು ಸಂಪರ್ಕಿಸಿ, ಮನೆಗೆ ಬನ್ನಿ ಅಂತ ಕರೆದಿರಬೇಕು.

ಈ ನಿಯಮ ಮುರಿದು ಮಾಡಿಸಿದ ಕಾಂಟ್ರಾಕ್ಟ್ ಕಾನೂನಿನ ಕಣ್ಣಲ್ಲಿ ಇಲ್ಲವೇ ಇಲ್ಲ. ನೀವು ದುಡ್ಡು ಕೊಡಬೇಕಿಲ್ಲ, ಕೂರಿಸಿಹೋದ ವಸ್ತುವನ್ನು ಇಟ್ಟುಕೊಳ್ಳಬಹುದು. ಎರಡು ಸಲ ಓದಿ. ನಾನಂತೂ ಮೂರು ಸಲ ಓದಿದ್ದೆ.

ಕರೆದು ಮಾಡಿಸಿಕೊಂಡ ಕಾಂಟ್ರಾಕ್ಟ್‌ಗೂ, ಅದು ಮನೆಯಲ್ಲಿ ಸಹಿಯಾದದ್ದಾದರೆ, 10 ದಿನದ ಕೂಲಿಂಗ್ ಆಫ್ ಅವಧಿ ಇದೆ. ಕಾಂಟ್ರಾಕ್ಟಿನ ಪ್ರತಿ ಕೈಗೆ ಸಿಕ್ಕಿದ ಮೇಲೆ ಹತ್ತು ದಿನದೊಳಗೆ, ಕಾರಣವನ್ನೇ ಹೇಳದೆ ರದ್ದು ಮಾಡಬಹುದು. ಕಾನೂನು ಕೇಳುವ ವಿವರಗಳು ಕಾಂಟ್ರಾಕ್ಟಿನಲ್ಲಿ ಇಲ್ಲದಿದ್ದರೆ, ಅಥವಾ ಸುಳ್ಳು ಹೇಳಿ ಸಹಿ ಮಾಡಿಸಿದ್ದರೆ, ಒಂದು ವರ್ಷದವರೆಗೂ ಅದರಿಂದ ಹೊರಬರುವ ದಾರಿ ಇದೆ. ಇದೆಲ್ಲ ಗ್ರಾಹಕ ರಕ್ಷಣಾ ಕಾಯ್ದೆ, 2002ರಲ್ಲಿ ಇದೆ. ಕಾಯ್ದೆ ಮುರಿದವರು ತಪ್ಪಿತಸ್ಥರೆಂದು ತೀರ್ಮಾನವಾದರೆ ವ್ಯಕ್ತಿಗೆ 50,000 ಡಾಲರ್ ತನಕ, ಕಂಪನಿಗೆ 2,50,000 ಡಾಲರ್ ತನಕ ದಂಡ ಬೀಳಬಹುದು.

ಕರೆಂಟ್ ಮತ್ತು ಗ್ಯಾಸ್ ದರದ ಕಾಂಟ್ರಾಕ್ಟ್‌ಗಳನ್ನು ಬಾಗಿಲಲ್ಲಿ ಮಾರುವುದು ಒಂಟಾರಿಯೊದಲ್ಲಿ ಅದಕ್ಕೂ ಮೊದಲೇ, 2017ರ ಜನವರಿ 1ರಿಂದ ನಿಂತಿದೆ. ಅದೇ ದಿನದಿಂದ ಆಲ್ಬರ್ಟಾದಲ್ಲೂ ಫರ್ನೇಸ್, ಬಿಸಿನೀರಿನ ಟ್ಯಾಂಕ್, ಕಿಟಕಿಗಳನ್ನು ಹೀಗೆ ಕರೆಯದೇ ಬಂದು ಮಾರುವಂತಿಲ್ಲ. ಕ್ಯಾಲ್ಗರಿ, ಎಡ್ಮಂಟನ್ ಕಡೆ ಇರುವವರು ಅದನ್ನು ನೆನಪಿಟ್ಟುಕೊಳ್ಳಿ. ಬೇರೆ ಪ್ರಾಂತ್ಯಗಳಲ್ಲಿ ನಿಯಮ ಬೇರೆ ಬೇರೆ.

ನಿಷೇಧ ಇದ್ದ ಮೇಲೆ ಇವರು ಬರುವುದು ಹೇಗೆ?

ವೇಷ ಬದಲಿಸಿಕೊಂಡು ಬರುತ್ತಾರೆ. ಮಾರಲು ಬಂದಿದ್ದೇನೆ ಅಂತ ಯಾರೂ ಹೇಳುವುದಿಲ್ಲ. "ನಿಮ್ಮ ಬೀದಿಯಲ್ಲಿ ಎಲ್ಲ ಮನೆಯ ಫರ್ನೇಸ್ ತಪಾಸಣೆ ನಡೆಯುತ್ತಿದೆ" ಅನ್ನುತ್ತಾರೆ. ಗ್ಯಾಸ್ ಕಂಪನಿಯವರು ಅನ್ನುವ ಹಾಗೆ ಕಾಣಿಸಿಕೊಳ್ಳುತ್ತಾರೆ. ಸರ್ಕಾರದ ಎನರ್ಜಿ ಆಡಿಟ್ ಅನ್ನುತ್ತಾರೆ. ಕೆಲವರು ಮೊದಲು ಫೋನ್ ಮಾಡುತ್ತಾರೆ, ಇಲ್ಲವೇ ಆನ್‌ಲೈನ್‌ನಲ್ಲಿ ಲಕ್ಕಿ ಡ್ರಾ ಫಾರ್ಮ್ ತುಂಬಿಸುತ್ತಾರೆ. ನಾಳೆ ಜಗಳ ಬಂದರೆ ನೀವೇ ಕರೆದಿರಿ ಅನ್ನುವುದಕ್ಕೆ ಒಂದು ದಾಖಲೆ ಬೇಕಲ್ಲ. ಅವರಾಗಿ ಫೋನ್ ಮಾಡಿ, ಬರಬಹುದಾ ಅಂತ ಕೇಳಿ, ನೀವು ಹೂಂ ಅಂದರೆ ಅದು ನೀವು ಕರೆದ ಹಾಗಲ್ಲ.

ಇನ್ನೊಂದು ವರಸೆ ನಮ್ಮವರಿಗೇ ಸರಿಯಾಗಿ ತಾಗುವುದು. ಬಾಗಿಲಲ್ಲಿ ನಮಸ್ತೆ, ಅಂಕಲ್, ಆಂಟಿ. ಹಿಂದಿಯೋ ತೆಲುಗೋ ಮಾತು. ನಿಮ್ಮ ಕಡೆಯವರೇ ಒಬ್ಬರು ಪಕ್ಕದ ಬೀದಿಯಲ್ಲಿ ಹಾಕಿಸಿಕೊಂಡರು ಅನ್ನುವ ಮಾತು. ಪರದೇಶದಲ್ಲಿ ಭಾಷೆ ಕೇಳಿದರೆ ಮನಸ್ಸು ಕರಗುತ್ತದೆ. ಕರಗಲಿ, ಬಾಗಿಲು ಮಾತ್ರ ತೆರೆಯಬೇಡಿ.

ಬಾಗಿಲಲ್ಲಿ ಏನು ಮಾಡಬೇಕು

ಒಂದು: ಬಾಗಿಲು ತೆರೆಯಲೇಬೇಕು ಅಂತ ಎಲ್ಲೂ ಇಲ್ಲ. ಡೋರ್ ಕ್ಯಾಮೆರಾ ಇದ್ದರೆ ಅದರಿಂದಲೇ ಮಾತಾಡಿ, ಇಲ್ಲದಿದ್ದರೆ ಗಾಜಿನ ಆಚೆಯಿಂದ. ಇದು ಒರಟುತನ ಅಲ್ಲ. ಇಲ್ಲಿ ಅಕ್ಕಪಕ್ಕದವರೂ ಹೀಗೇ ಮಾಡುತ್ತಾರೆ.

ಎರಡು: ಒಂದೇ ಪ್ರಶ್ನೆ ಕೇಳಿ. ನಾನು ನಿಮ್ಮನ್ನು ಕರೆದಿದ್ದೇನಾ? ಇಲ್ಲ ಅಂದ ಮೇಲೆ ಮಾತು ಮುಗಿಯಿತು. ನಿಮಗೆ ಬೇರೆ ವಾದ ಬೇಕಿಲ್ಲ. ನಮ್ಮ ಫರ್ನೇಸ್ ಹೊಸದು, ಯಜಮಾನರು ಮನೆಯಲ್ಲಿಲ್ಲ, ಆಮೇಲೆ ಬನ್ನಿ ಅಂತೆಲ್ಲ ಕಾರಣ ಕೊಡಬೇಡಿ. ಒಂದೊಂದು ಕಾರಣಕ್ಕೂ ಅವರ ಬಳಿ ಒಂದೊಂದು ಉತ್ತರ ಇರುತ್ತದೆ. ಆಮೇಲೆ ಬನ್ನಿ ಅಂದರಂತೂ ಆಮೇಲೆ ಬಂದೇ ಬರುತ್ತಾರೆ, ನೀವೇ ಕರೆದಿರಿ ಅಂತ.

ಮೂರು: ಗ್ಯಾಸ್ ಬಿಲ್, ಕರೆಂಟ್ ಬಿಲ್ ತೋರಿಸಬೇಡಿ. ಅದರಲ್ಲಿ ಹೆಸರು, ಅಕೌಂಟ್ ನಂಬರ್ ಎಲ್ಲ ಇರುತ್ತದೆ. ಡ್ರೈವಿಂಗ್ ಲೈಸೆನ್ಸ್ ಫೋಟೋ, ವಾಯ್ಡ್ ಚೆಕ್ (ಬ್ಯಾಂಕ್ ಖಾತೆಯ ವಿವರಕ್ಕೆ ಕೊಡುವ ರದ್ದಾದ ಚೆಕ್) ಕೊಡಬೇಡಿ. ನಿಜವಾದ ಗ್ಯಾಸ್ ಕಂಪನಿಯ ಹತ್ತಿರ ನಿಮ್ಮ ನಂಬರ್ ಮೊದಲೇ ಇದೆ ಅಲ್ವಾ?

ನಾಲ್ಕು: ಬೇಸ್ಮೆಂಟ್‌ಗೆ ಬಿಡಲೇಬೇಡಿ. ಒಳಗೆ ಬಂದವನನ್ನು ಹೊರಗೆ ಕಳಿಸುವುದು ನಮ್ಮ ಕೈಲಿ ಆಗುವುದಿಲ್ಲ. ಕಾಫಿ ಕೊಟ್ಟ ಮೇಲಂತೂ ಆಗುವುದೇ ಇಲ್ಲ.

ಐದು: ಎರಡು ಸಲ ಬೇಡ ಅಂದ ಮೇಲೂ ನಿಂತಿದ್ದರೆ ಹೊರಡಲು ಹೇಳಿ. ಮನೆಯವರು ಹೊರಡಿ ಅಂದ ಮೇಲೂ ಜಾಗ ಬಿಡದಿದ್ದರೆ ಒಂಟಾರಿಯೊ ಕಾನೂನಿನಲ್ಲಿ ಅದು ಅತಿಕ್ರಮಣ. ಪೊಲೀಸರ ನಾನ್-ಎಮರ್ಜೆನ್ಸಿ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಬೆದರಿಸಿದರೆ, ಬಾಗಿಲಿಗೆ ಕಾಲು ಕೊಟ್ಟು ನಿಂತರೆ 911. ಹೋದ ಮೇಲೆ ವ್ಯಾನ್ ನಂಬರ್, ಕಾರ್ಡಿನ ಮೇಲಿದ್ದ ಕಂಪನಿ ಹೆಸರು, ಹೊತ್ತು ಬರೆದಿಡಿ.

ಅಪ್ಪ ಅಮ್ಮನಿಗೆ ಒಂದು ಚೀಟಿ. ನಮ್ಮ ಮನೆಯ ಬಾಗಿಲ ಒಳಗಡೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿದ್ದೇನೆ: "ನೋ ಥ್ಯಾಂಕ್ ಯೂ. ವಿ ಡಿಡ್ ನಾಟ್ ಕಾಲ್ ಯೂ. ಪ್ಲೀಸ್ ಲೀವ್." ಕೆಳಗೆ ನನ್ನ, ಹೆಂಡತಿಯ ಮೊಬೈಲ್ ನಂಬರ್. ಕೊನೆಯ ಸಾಲು, ಯಾವ ಟ್ಯಾಬ್ಲೆಟ್ ಮೇಲೂ ಬೆರಳು ಆಡಿಸಬೇಡಿ. ಬರೀ ಬಂದಿದ್ದಕ್ಕೆ ಸಹಿ ಅಂಕಲ್ ಅಂತ ಹೇಳಿ ಕಾಂಟ್ರಾಕ್ಟಿಗೆ ಸಹಿ ಮಾಡಿಸಿಕೊಳ್ಳುವುದೂ ಇದೆ.

ಕೇಳಿಬರುವ ಮಾತುಗಳು, ಅವುಗಳ ಒಳಗಿನ ಹುರುಳು

"ನಿಮ್ಮ ಹಳೇ ಫರ್ನೇಸ್ ಈಗ ಕಾನೂನಿಗೆ ವಿರುದ್ಧ." ಇದರಲ್ಲಿ ಒಂದು ಕಾಳಿನಷ್ಟು ನಿಜ ಇದೆ, ಅದಕ್ಕೇ ಅಪಾಯ. 2019ರ ಜುಲೈ 3ರಿಂದ ತಯಾರಾಗುವ ಮನೆಬಳಕೆಯ ಗ್ಯಾಸ್ ಫರ್ನೇಸ್‌ಗಳು ಕನಿಷ್ಠ 95% ದಕ್ಷತೆ ಹೊಂದಿರಬೇಕು ಅಂತ ಕೆನಡಾ ಸರ್ಕಾರ ನಿಯಮ ಮಾಡಿದೆ. ಅದು ಹೊಸದಾಗಿ ತಯಾರಾಗಿ ಮಾರಾಟಕ್ಕೆ ಬರುವ ಯಂತ್ರಗಳಿಗೆ. ಈಗಾಗಲೇ ನಿಮ್ಮ ಬೇಸ್ಮೆಂಟ್‌ನಲ್ಲಿ ಓಡುತ್ತಿರುವುದಕ್ಕೆ ಅದು ಅನ್ವಯಿಸುವುದಿಲ್ಲ.

"ರೆಡ್ ಟ್ಯಾಗ್ ಹಾಕುತ್ತೇನೆ, ಗ್ಯಾಸ್ ಬಂದ್ ಆಗುತ್ತದೆ." ಟ್ಯಾಗ್ ಎನ್ನುವುದು ನಿಜವಾದ ವ್ಯವಸ್ಥೆಯೇ. ಲೈಸೆನ್ಸ್ ಇರುವ ಗ್ಯಾಸ್ ಟೆಕ್ನಿಷಿಯನ್ ಉಪಕರಣ ನೋಡಿ, ತಕ್ಷಣದ ಅಪಾಯ ಇದ್ದರೆ ಎ ಟ್ಯಾಗ್ ಹಾಕಿ ಗ್ಯಾಸ್ ಮುಚ್ಚುತ್ತಾರೆ. ತಕ್ಷಣದ ಅಪಾಯ ಇಲ್ಲದಿದ್ದರೆ ಬಿ ಟ್ಯಾಗ್ ಹಾಕಿ, ಸರಿಪಡಿಸಲು ಗಡುವು ಕೊಡುತ್ತಾರೆ. ಮಾರಾಟಗಾರನಿಗೆ ಆ ಅಧಿಕಾರ ಇಲ್ಲ. ಒಂಟಾರಿಯೊದಲ್ಲಿ ಗ್ಯಾಸ್ ಟೆಕ್ನಿಷಿಯನ್‌ಗಳ ಲೈಸೆನ್ಸ್ ನೋಡಿಕೊಳ್ಳುವುದು ಟಿಎಸ್‌ಎಸ್‌ಎ ಎಂಬ ಸಂಸ್ಥೆ. ನಿಜವಾಗಿ ಟ್ಯಾಗ್ ಬಿದ್ದರೂ ಹೊಸ ಯಂತ್ರ ಅದೇ ಮನುಷ್ಯನಿಂದ ಕೊಳ್ಳಬೇಕು ಅಂತಿಲ್ಲ. ಬೇರೆ ಟೆಕ್ನಿಷಿಯನ್ ಕರೆಸಿ. ಬಿರುಕು ಬಿಟ್ಟಿದೆ ಅಂದರೆ ಬಿರುಕಿನ ಫೋಟೋ ಕೇಳಿ. ನನ್ನ ಬೇಸ್ಮೆಂಟ್‌ನಲ್ಲಿ ಟಾರ್ಚ್ ಬಿಟ್ಟವನು ಫರ್ನೇಸಿನ ಮುಚ್ಚಳವನ್ನೇ ಬಿಚ್ಚಿರಲಿಲ್ಲ ಅಂತ ನನಗೆ ಹೊಳೆದದ್ದು ಮಾರನೇ ದಿನ.

"ಸರ್ಕಾರದ ರಿಬೇಟ್ ಇದೆ, ಇವತ್ತೇ ಕೊನೆ." ರಿಬೇಟ್‌ಗಳು ಇರುವುದು ನಿಜ, ಬದಲಾಗುತ್ತಲೂ ಇರುತ್ತವೆ. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಗ್ರೀನರ್ ಹೋಮ್ಸ್ ಅನುದಾನ 5,000 ಡಾಲರ್ ತನಕ ಕೊಡುತ್ತಿತ್ತು. 2024ರ ಫೆಬ್ರವರಿಯಲ್ಲಿ ಹೊಸ ಅರ್ಜಿಗೆ ಅದು ಮುಚ್ಚಿತು. ಒಂಟಾರಿಯೊದಲ್ಲಿ 2025ರ ಜನವರಿಯಲ್ಲಿ ಹೋಮ್ ರಿನೊವೇಷನ್ ಸೇವಿಂಗ್ಸ್ ಎಂಬ ಯೋಜನೆ ಬಂತು. ಇಂಥದ್ದಕ್ಕೆ ಮೊದಲು ಅಧಿಕೃತ ವೆಬ್‌ಸೈಟ್ ನೋಡಿ, ನಿಮ್ಮ ಮನೆಗೆ ಅರ್ಹತೆ ಇದೆಯಾ ಅಂತ ತಿಳಿದುಕೊಳ್ಳಿ. ರಿಬೇಟ್ ಬರುತ್ತದೆ ಅನ್ನುವ ಮಾತಿನ ಮೇಲೆ ಸಹಿ ಹಾಕಬೇಡಿ.

"ಪೂರ್ತಿ ಫ್ರೀ. ತಿಂಗಳಿಗೆ ಸ್ವಲ್ಪ ಬಾಡಿಗೆ ಅಷ್ಟೇ." ಇಲ್ಲಿ ನಿಂತು ಲೆಕ್ಕ ಹಾಕಬೇಕು. ಉದಾಹರಣೆಗೆ ತಿಂಗಳಿಗೆ 120 ಡಾಲರ್ ಅಂದುಕೊಳ್ಳಿ. ಹತ್ತು ವರ್ಷಕ್ಕೆ 14,400. ಸಣ್ಣ ಅಕ್ಷರದಲ್ಲಿ ವರ್ಷಕ್ಕೆ 4% ಏರಿಕೆ ಅಂತ ಇದ್ದರೆ ಅದು ಸುಮಾರು 17,300 ಆಗುತ್ತದೆ. 13% ಎಚ್‌ಎಸ್‌ಟಿ ಸೇರಿಸಿ, 19,500 ದಾಟುತ್ತದೆ. ಒಳ್ಳೆಯ ಫರ್ನೇಸನ್ನು ಕೂರಿಸುವ ಖರ್ಚೂ ಸೇರಿಸಿ ಸ್ವಂತಕ್ಕೆ ಕೊಂಡರೆ ಇದರ ಅರ್ಧವೂ ಆಗದಿರುವುದೇ ಜಾಸ್ತಿ. ನಡುವೆ ಬಿಡಬೇಕೆಂದರೆ ಬೈಔಟ್ ಅಂತ ಇನ್ನೊಂದು ಮೊತ್ತ. ಜತೆಗೆ ಏರ್ ಪ್ಯೂರಿಫೈಯರ್, ವಾಟರ್ ಸಾಫ್ಟ್‌ನರ್ ಫ್ರೀ ಅಂತ ತಂದಿಡುತ್ತಾರೆ. ಆಮೇಲೆ ನೋಡಿದರೆ ಅವಕ್ಕೂ ಬೇರೆ ಬೇರೆ ಕಾಂಟ್ರಾಕ್ಟ್ ಇರುತ್ತದೆ.

"ಈಗ ಆಫೀಸಿಂದ ಫೋನ್ ಬರುತ್ತದೆ, ಎಲ್ಲದಕ್ಕೂ ಯೆಸ್ ಅನ್ನಿ." ಇದು ವೆರಿಫಿಕೇಷನ್ ಕಾಲ್. ರೆಕಾರ್ಡ್ ಆಗುತ್ತದೆ. ನಾಳೆ ನಿಮ್ಮ ವಿರುದ್ಧ ಇಡಲು ಇಟ್ಟುಕೊಳ್ಳುವ ಸಾಕ್ಷಿ ಅದು. ನಾನು ಎಂಟು ಸಲ ಯೆಸ್ ಅಂದಿದ್ದೆ. ಆದರೂ ಆ ಕಾಂಟ್ರಾಕ್ಟ್ ಊರ್ಜಿತವಾಗಲಿಲ್ಲ ಎನ್ನುವುದು ನೆನಪಿರಲಿ.

ಸಹಿ ಹಾಕಿಬಿಟ್ಟಿದ್ದರೆ

ಮೊದಲು ನಾಚಿಕೆ ಬಿಡಿ. ನಾನು ಮೂರು ದಿನ ಯಾರಿಗೂ ಹೇಳದೆ ಕೂತೆ. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಬಾಗಿಲಲ್ಲಿ ಬಂದವನ ಕೈಲಿ ಟೋಪಿ ಹಾಕಿಸಿಕೊಂಡ ಅಂತ ಜನ ನಗುತ್ತಾರೆ ಅಂತ. ಹತ್ತು ದಿನದಲ್ಲಿ ಮೂರು ಹಾಗೇ ಹೋಯಿತು. ಕೊನೆಗೆ ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ, ನಮಗೂ ಆಗಿದೆ ಅಂತ ನಾಲ್ಕು ಜನ ಬರೆದರು.

ಆಮೇಲೆ ಕಾಗದ ಹುಡುಕಿ. ಟ್ಯಾಬ್ಲೆಟ್‌ನಲ್ಲಿ ಸಹಿ ಹಾಕಿದ್ದರೆ ಪ್ರತಿ ಇಮೇಲ್‌ನಲ್ಲಿ ಬಂದಿರಬಹುದು, ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ. ಬಂದಿಲ್ಲದಿದ್ದರೆ ಅದೂ ನಿಮ್ಮ ಪರವೇ, ಯಾಕೆಂದರೆ ಹತ್ತು ದಿನದ ಎಣಿಕೆ ಶುರುವಾಗುವುದು ಪ್ರತಿ ಸಿಕ್ಕಿದ ಮೇಲೆ.

ರದ್ದತಿ ಪತ್ರ ಬರೆಯಿರಿ. ಇಂಗ್ಲಿಷಿನಲ್ಲಿ ನಾಲ್ಕೈದು ಸಾಲು ಸಾಕು. ನಿಮ್ಮ ಹೆಸರು, ವಿಳಾಸ, ಕಾಂಟ್ರಾಕ್ಟ್ ನಂಬರ್, ಸಹಿ ಮಾಡಿದ ತಾರೀಖು. ನಾನು ಈ ಕಾಂಟ್ರಾಕ್ಟನ್ನು ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ರದ್ದು ಮಾಡುತ್ತಿದ್ದೇನೆ ಎಂಬ ಒಂದು ವಾಕ್ಯ. ನಾವು ಕರೆಯದೆ ನಿಮ್ಮ ಪ್ರತಿನಿಧಿ ಮನೆಗೆ ಬಂದು ಸಹಿ ಮಾಡಿಸಿದ್ದಾರೆ, ಆದ್ದರಿಂದ ಇದು ಮೊದಲಿನಿಂದಲೇ ಅಸಿಂಧು ಎಂಬ ಇನ್ನೊಂದು ವಾಕ್ಯ. ಯಾವ ಯಂತ್ರವನ್ನೂ ಕೂರಿಸಲು ಒಪ್ಪಿಗೆ ಇಲ್ಲ, ಕೊಟ್ಟ ದುಡ್ಡು ಹಿಂತಿರುಗಿಸಿ ಅಂತ ಕೊನೆಗೆ. ಕತೆ ಬರೆಯಬೇಡಿ, ಬಯ್ಯಬೇಡಿ. ಇಮೇಲ್ ಮಾಡಿ, ಜತೆಗೆ ಕೆನಡಾ ಪೋಸ್ಟ್‌ನಲ್ಲಿ ರಿಜಿಸ್ಟರ್ಡ್ ಮೇಲ್ ಕೂಡ ಹಾಕಿ, ರಸೀತಿ ಇಟ್ಟುಕೊಳ್ಳಿ. ಅಂಚೆಗೆ ಹಾಕಿದ ದಿನವೇ ನೋಟಿಸ್ ಕೊಟ್ಟ ದಿನ ಅಂತ ಕಾನೂನು ನೋಡುತ್ತದೆ. ರದ್ದು ಮಾಡಿದ ಮೇಲೆ 15 ದಿನದೊಳಗೆ ಅವರು ನಿಮ್ಮ ದುಡ್ಡು ವಾಪಸ್ ಕೊಡಬೇಕು.

ಬರೀ ಫೋನಿನಲ್ಲಿ ರದ್ದು ಮಾಡಲು ಹೋಗಬೇಡಿ. ಅಲ್ಲಿ ಇನ್ನೊಬ್ಬ ನಯವಾದ ಮಾತುಗಾರ ಕೂತಿರುತ್ತಾನೆ. ನನಗೆ ಮೊದಲ ಆರು ತಿಂಗಳು ಬಾಡಿಗೆ ಬೇಡ ಅಂದರು. ಆಮೇಲೆ ಒಂದು ವರ್ಷ ಬೇಡ ಅಂದರು. ಕೊನೆಗೆ ರದ್ದತಿ ಶುಲ್ಕ ಅಂದರು. ನಾನು ಮೂರು ಸಲವೂ ಪತ್ರ ಕಳಿಸಿದ್ದೇನೆ, ಓದಿ ಅಂದೆ.

ತಿಂಗಳ ಕಂತು ಬ್ಯಾಂಕಿನಿಂದ ತಾನಾಗಿ ಹೋಗುವ ಹಾಗೆ ಬರೆದುಕೊಟ್ಟಿದ್ದರೆ ಅವತ್ತೇ ಬ್ಯಾಂಕಿಗೆ ಹೇಳಿ ನಿಲ್ಲಿಸಿ. ನಿಮ್ಮ ಒಪ್ಪಿಗೆ ಇಲ್ಲದೆ, ಅಥವಾ ಒಪ್ಪಿಗೆ ಹಿಂತೆಗೆದ ಮೇಲೆ ದುಡ್ಡು ಎಳೆದಿದ್ದರೆ 90 ದಿನದೊಳಗೆ ಬ್ಯಾಂಕಿನಲ್ಲಿ ಅದನ್ನು ವಾಪಸ್ ಕೇಳಬಹುದು.

ಈಗಾಗಲೇ ಯಂತ್ರ ಕೂರಿಸಿಬಿಟ್ಟಿದ್ದರೆ

ಇವರು ಮಾರನೇ ದಿನವೇ ವ್ಯಾನ್ ತಂದು ನಿಲ್ಲಿಸುವುದು ಇದಕ್ಕೇ. ಹಳೆಯದನ್ನು ಕಿತ್ತೊಯ್ದ ಮೇಲೆ, ಇನ್ನೇನು ಮಾಡಲು ಸಾಧ್ಯ ಅಂತ ಮನೆಯವರು ಸೋಲುತ್ತಾರೆ. ಸೋಲಬೇಡಿ. ಯಂತ್ರ ಕೂರಿಸಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಪತ್ರ ಅದೇ. ಚಳಿಗಾಲದಲ್ಲಿ ಅವರು ಯಂತ್ರ ಕಿತ್ತುಕೊಂಡು ಹೋಗುತ್ತೇವೆ ಅಂತ ಹೆದರಿಸಿದರೆ, ನಿಮ್ಮ ಒಪ್ಪಿಗೆ ಇಲ್ಲದೆ ಮನೆಯೊಳಗೆ ಬರುವಂತಿಲ್ಲ ಎಂದು ಬರಹದಲ್ಲೇ ಉತ್ತರ ಕೊಡಿ. ಕಿತ್ತೊಯ್ದ ಹಳೇ ವಾಟರ್ ಹೀಟರ್ ಬೇರೆ ಕಂಪನಿಯ ಬಾಡಿಗೆಯದಾಗಿದ್ದರೆ ಆ ಕಂಪನಿಗೂ ಕೂಡಲೇ ತಿಳಿಸಿ, ಇಲ್ಲದಿದ್ದರೆ ಎರಡು ಬಿಲ್ ಬರುತ್ತದೆ.

ನಂತರ ದೂರು ಕೊಡಿ. ಕನ್ಸ್ಯೂಮರ್ ಪ್ರೊಟೆಕ್ಷನ್ ಒಂಟಾರಿಯೊ ನಂಬರ್ 1-800-889-9768. ಅಲ್ಲಿ ದೂರು ದಾಖಲಿಸಿದರೆ ಕಂಪನಿಗಳ ದನಿ ಬದಲಾಗುವುದನ್ನು ನಾನೇ ನೋಡಿದ್ದೇನೆ. ಅದೇ ಇಲಾಖೆ ಕನ್ಸ್ಯೂಮರ್ ಬಿವೇರ್ ಲಿಸ್ಟ್ ಅಂತ ಒಂದು ಪಟ್ಟಿ ಇಡುತ್ತದೆ. ಕಂಪನಿ ಹೆಸರು ಅದರಲ್ಲಿ ಹುಡುಕಿ ನೋಡಿ. ವಂಚನೆ, ನಕಲಿ ಗುರುತು, ನಕಲಿ ಸಹಿ ಇದ್ದರೆ ಪೊಲೀಸರಿಗೂ, ಕೆನಡಿಯನ್ ಆ್ಯಂಟಿ-ಫ್ರಾಡ್ ಸೆಂಟರ್‌ಗೂ ತಿಳಿಸಿ, 1-888-495-8501. ಕಂಪನಿ ಕೋರ್ಟಿಗೆ ಹೋಗುತ್ತೇವೆ, ಕ್ರೆಡಿಟ್ ಸ್ಕೋರ್ ಹಾಳು ಮಾಡುತ್ತೇವೆ ಅಂದರೆ ಒಬ್ಬ ಲಾಯರನ್ನು ಕೇಳಿ. ವಕೀಲರ ನಿಯಂತ್ರಣ ಸಂಸ್ಥೆಯಾದ ಲಾ ಸೊಸೈಟಿಯ ರೆಫರಲ್ ಸೇವೆಯಲ್ಲಿ ಮೊದಲ ಅರ್ಧ ಗಂಟೆ ತನಕ ಸಲಹೆಗೆ ದುಡ್ಡಿಲ್ಲ. ನೀವೇ ದಾವೆ ಹೂಡುವ ಹಾಗಾದರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. 2025ರ ಅಕ್ಟೋಬರ್ 1ರಿಂದ ಅಲ್ಲಿ 50,000 ಡಾಲರ್ ತನಕದ ದಾವೆ ನಡೆಯುತ್ತದೆ.

ಮನೆ ಪತ್ರದ ಮೇಲೆ ಬಿದ್ದ ನೋಸಿ

ಇದು ಬಹಳ ಜನಕ್ಕೆ ಮನೆ ಮಾರುವ ದಿನದ ತನಕ ಗೊತ್ತೇ ಆಗುತ್ತಿರಲಿಲ್ಲ. ಮನೆಗೆ ಕೂರಿಸಿದ ಬಾಡಿಗೆ ಯಂತ್ರದ ಹೆಸರಿನಲ್ಲಿ ಕಂಪನಿಗಳು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಒಂದು ನೋಟಿಸ್ ದಾಖಲಿಸುತ್ತಿದ್ದವು. ಆ ಯಂತ್ರದ ಮೇಲೆ ತಮಗೆ ಹಕ್ಕಿದೆ ಅಂತ ಹೇಳುವ ಈ ನೋಟಿಸನ್ನು (ನೋಟಿಸ್ ಆಫ್ ಸೆಕ್ಯೂರಿಟಿ ಇಂಟರೆಸ್ಟ್) ಎಲ್ಲರೂ ನೋಸಿ ಅಂತಲೇ ಕರೆಯುತ್ತಾರೆ. ಮನೆ ಮಾರುವಾಗಲೋ ಮಾರ್ಟ್‌ಗೇಜ್ ಬದಲಿಸುವಾಗಲೋ ಲಾಯರ್ ಹುಡುಕಿದರೆ ಅದು ಎದ್ದು ಬರುತ್ತಿತ್ತು. ವ್ಯವಹಾರ ಮುಗಿಯಬೇಕಾದ ಕ್ಲೋಸಿಂಗ್ ದಿನ ಹತ್ತಿರ, ಕಂಪನಿ ಕೇಳಿದಷ್ಟು ಕೊಟ್ಟು ಬಿಡಿಸಿಕೊಳ್ಳದೆ ಬೇರೆ ದಾರಿ ಇಲ್ಲ. ಸಾವಿರ ಡಾಲರ್ ಬೆಲೆಯ ಫಿಲ್ಟರಿಗೆ ಹತ್ತಾರು ಸಾವಿರ ಕೇಳಿದ ಕತೆಗಳು ಪತ್ರಿಕೆಗಳಲ್ಲಿ ಬಂದವು. ಮೋಸ ಹೋದವರಲ್ಲಿ ವಯಸ್ಸಾದವರೇ ಜಾಸ್ತಿ.

2024ರ ಜೂನ್ 6ರಂದು ಒಂಟಾರಿಯೊ ಇದನ್ನು ನಿಲ್ಲಿಸಿತು. ಗೃಹಬಳಕೆಯ ವಸ್ತುಗಳಿಗೆ ಹೊಸ ನೋಸಿ ದಾಖಲಿಸುವಂತಿಲ್ಲ. ಹಳೆಯವು ಅವಧಿ ಮುಗಿದವು ಅಂತಲೇ ಲೆಕ್ಕ. ದಾಖಲೆಯಲ್ಲಿ ಇನ್ನೂ ಕಾಣುತ್ತಿದ್ದರೆ ಲಾಯರ್ ಮೂಲಕ ಅಳಿಸಲು ಅರ್ಜಿ ಹಾಕಬಹುದು. ಒಂದು ಎಚ್ಚರಿಕೆ ಇದೆ. ನೋಸಿ ಹೋದರೂ ಅದರ ಹಿಂದಿನ ಕಾಂಟ್ರಾಕ್ಟ್ ತಾನಾಗಿ ಹೋಗುವುದಿಲ್ಲ. ಅದಕ್ಕೆ ಮೇಲೆ ಹೇಳಿದ ದಾರಿಗಳೇ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಒಮ್ಮೆ ಸಿಕ್ಕಿಬಿದ್ದವರ ಹೆಸರು ಬೇರೆಯವರ ಕೈಗೆ ಹೋಗುತ್ತದೆ. ಆಮೇಲೆ, ನಿಮ್ಮನ್ನು ಆ ಕಾಂಟ್ರಾಕ್ಟಿನಿಂದ ಬಿಡಿಸುತ್ತೇವೆ ಅಂತ ಫೋನ್ ಬರುತ್ತದೆ. ಬಿಡಿಸಲು ಮನೆ ಮೇಲೆ ಎರಡನೇ ಮಾರ್ಟ್‌ಗೇಜ್ ತೆಗೆಸುತ್ತಾರೆ, ಬಡ್ಡಿ ಬೆಟ್ಟದಷ್ಟು. ನನ್ನ ಪ್ರಕಾರ ಮೊದಲ ಮೋಸಕ್ಕಿಂತ ಈ ಎರಡನೆಯದು ಕ್ರೂರ. ಇಂಥವರು ಎಷ್ಟೇ ಮರುಕ ತೋರಿಸಲಿ, ಫೋನ್ ಇಟ್ಟುಬಿಡಿ.

ನಿಜಕ್ಕೂ ಹೊಸ ಫರ್ನೇಸ್ ಬೇಕಾದಾಗ

ಬೇಕಾಗುವ ದಿನ ಬಂದೇ ಬರುತ್ತದೆ. ಆಗ ನೀವೇ ಫೋನ್ ಮಾಡಿ. ಮೂರು ಕಡೆ ಎಸ್ಟಿಮೇಟ್ ತೆಗೆದುಕೊಳ್ಳಿ. ಬ್ರ್ಯಾಂಡ್, ಮಾಡೆಲ್ ನಂಬರ್, ಸೈಜ್, ವಾರಂಟಿ ಎಲ್ಲ ಬರಹದಲ್ಲಿರಲಿ. ಕಂಪನಿಗೆ ಟಿಎಸ್‌ಎಸ್‌ಎ ನೋಂದಣಿ ಇದೆಯಾ ಕೇಳಿ, ಟಿಎಸ್‌ಎಸ್‌ಎ ವೆಬ್‌ಸೈಟಿನಲ್ಲೂ ನೋಡಿ. ಮನೆಯ ಅಳತೆ ತೆಗೆಯದೆ, ಕಿಟಕಿ, ಇನ್ಸುಲೇಷನ್ ನೋಡದೆ ದೊಡ್ಡ ಯಂತ್ರ ಹೇಳುವವರನ್ನು ಬಿಡಿ. ಅಗತ್ಯಕ್ಕಿಂತ ದೊಡ್ಡ ಫರ್ನೇಸ್ ಪದೇ ಪದೇ ಹತ್ತಿ ಆರುತ್ತದೆ, ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಎರಡನ್ನೂ ಕೊಡುವ ಹೀಟ್ ಪಂಪ್ ಬಗ್ಗೆಯೂ ಒಂದು ಎಸ್ಟಿಮೇಟ್ ಕೇಳಿ. ಒಳ್ಳೆಯ ಯಂತ್ರ ಅದು, ಬಾಗಿಲಲ್ಲಿ ಮಾರುವವರ ಬಾಯಲ್ಲಿ ಸಿಕ್ಕಿ ಹೆಸರು ಕೆಡಿಸಿಕೊಂಡಿದೆ ಅಷ್ಟೇ. ಸಾಧ್ಯವಾದರೆ ಸೆಪ್ಟೆಂಬರ್‌ನಲ್ಲೇ ಮಾಡಿಸಿ. ಜನವರಿಯಲ್ಲಿ ಮನೆ ತಣ್ಣಗಾದ ಮೇಲೆ ಚೌಕಾಸಿ ಮಾಡಲು ಯಾರಿಗೂ ಬರುವುದಿಲ್ಲ.

ನಮ್ಮ ಫರ್ನೇಸನ್ನು ಆ ವಾರವೇ ಬೇರೆ ಟೆಕ್ನಿಷಿಯನ್ ಕರೆಸಿ ತೋರಿಸಿದೆ. ಮುಚ್ಚಳ ಬಿಚ್ಚಿ, ಒಳಗೆಲ್ಲ ನೋಡಿ, ಫಿಲ್ಟರ್ ಬದಲಿಸಿ ಅಂತ ಹೇಳಿ ಸರ್ವಿಸ್ ಚಾರ್ಜ್ ತೆಗೆದುಕೊಂಡು ಹೋದ. ಅದೇ ಯಂತ್ರ ಇವತ್ತಿಗೂ ಓಡುತ್ತಿದೆ. ಅಪ್ಪ ಈ ಸಲ ಬಂದಾಗ ಬಾಗಿಲ ಚೀಟಿಯನ್ನು ಬಾಯಿಪಾಠ ಮಾಡಿಕೊಂಡರು. ಮೊನ್ನೆ ಬೆಲ್ ಆದಾಗ ಗಾಜಿನ ಆಚೆ ನಿಂತವನಿಗೆ ಮೂರು ಸಾಲನ್ನೂ ಗಟ್ಟಿಯಾಗಿ ಹೇಳಿ ಕಳಿಸಿದರಂತೆ. ಅವನು ನಾನು ಆರ್ಡರ್ ಮಾಡಿದ್ದ ಫರ್ನೇಸ್ ಫಿಲ್ಟರ್ ತಂದಿದ್ದ ಪಾರ್ಸೆಲ್ ಹುಡುಗ.